ಅರ್ಧ ಟಿಕೆಟ್ಟಿನವರ ದೂರ ಪ್ರಯಾಣ

ಮಧುಗಿರಿಯವರಿಗೆ ಬಹುಕಾಲ ಪರದೇಶ ಅಂದರೆ ಹಿಂದೂಪುರ. ನಗಬೇಡಿ. ಕೊಡಿಗೇನಹಳ್ಳಿ ದಾಟಿ ಸ್ವಲ್ಪ ದೂರ ಹೋದರೆ ಮೈಸೂರು ಮಹಾರಾಜರ ಸೀಮೆ ಮುಗಿಯುತ್ತಿತ್ತು. ಅಲ್ಲಿಂದಾಚೆ ಬ್ರಿಟಿಷರ ಮದ್ರಾಸ್ ಪ್ರಾಂತ, ಅನಂತಪುರ ಜಿಲ್ಲೆ. ಬೇರೆ ಸರ್ಕಾರ, ಬೇರೆ ಪೊಲೀಸು, ಬೇರೆ ಕಚೇರಿ ಭಾಷೆ. ಆದರೆ ರೈಲು ಸಿಗುತ್ತಿದ್ದುದು ಅಲ್ಲೇ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂತು. 1890ರ ದಶಕದ ಮೊದಲಿಗೆ ಬೆಂಗಳೂರು–ಗುಂತಕಲ್ಲು ಮಾರ್ಗ ಹಿಂದೂಪುರದ ಮೇಲೆ ಹಾಯ್ದು ಹೋಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಎರಡು ಹಳಿಗಳ ನಡುವೆ ಉಳಿದುಬಿಟ್ಟವು. ತುಮಕೂರು–ರಾಯದುರ್ಗ ಮಾರ್ಗ ನಮ್ಮ ಮಧುಗಿರಿಯ ಮೇಲೆ ಹೋಗುತ್ತದೆ, ತುಮಕೂರು–ದಾವಣಗೆರೆ ಮಾರ್ಗ ಶಿರಾದ ಮೇಲೆ ಹೋಗುತ್ತದೆ ಎಂದು ಮಂಜೂರಾಗಿ ಎಷ್ಟೋ ವರ್ಷವಾಯಿತು. ಹೀಗಾಗಿ ಆಗೆಲ್ಲ ರೈಲು ಹತ್ತಬೇಕೆಂದರೆ ಮೊದಲು ಗಾಡಿ ಕಟ್ಟಬೇಕಿತ್ತು. ಪೂರ್ವಕ್ಕೆ ಹೊರಟವರು ಗಡಿಯನ್ನೂ ದಾಟಬೇಕಿತ್ತು. ಪಾವಗಡದವರ ಪಾಡು ಇನ್ನೂ ಸೊಗಸು. ಸುತ್ತ ಹೆಚ್ಚುಕಡಿಮೆ ಆಂಧ್ರವೇ ಇರುವ ತಾಲ್ಲೂಕು ಅದು. ಮಧುಗಿರಿಯಿಂದ ಹೊರಟ ಬಸ್ಸು ಇವತ್ತಿಗೂ ನಡುವೆ ಮಡಕಶಿರಾ ಸೀಮೆ ಹೊಕ್ಕು ಹೊರಬಿದ್ದೇ ಪಾವಗಡ ಸೇರುತ್ತದೆ. ನನ್ನ ತವರು ಆ ಕಡೆಯದು. ಗಡಿ ದಾಟುವುದು ನಮಗೆ ಸಂತೆಗೆ ಹೋಗುವಷ್ಟೇ ಮಾಮೂಲು.

ಇದನ್ನೆಲ್ಲ ಈಗ ಕೆದಕಲು ಕಾರಣ ನನ್ನ ಸೊಸೆ. ಬರುವ ದಸರಾ ರಜೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಕೀನ್ಯಾಕ್ಕೆ ಹೋಗುವ ಏರ್ಪಾಡು ನಡೆಸಿದ್ದಾಳೆ. ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ನಾಲ್ಕು. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು ಹುಲ್ಲು ಹುಡುಕಿಕೊಂಡು ಸುತ್ತುತ್ತವಲ್ಲ, ಅವು ಮೊಸಳೆ ತುಂಬಿದ ಮಾರಾ ಹೊಳೆಗೆ ಧುಮುಕುವುದನ್ನು ಟಿವಿಯಲ್ಲಿ ನೋಡಿ ಮೊಮ್ಮಗನಿಗೆ ಹುಚ್ಚು ಹತ್ತಿದೆ. ನನ್ನನ್ನೂ ಕರೆದಿದ್ದಾರೆ. ಸುದ್ದಿ ಬೀದಿಗೆ ಬಿದ್ದಾಗಿನಿಂದ ಎಲ್ಲರದೂ ಒಂದೇ ರಾಗ. "ಚಿಕ್ಕ ಮಕ್ಕಳನ್ನ ಕಟ್ಕೊಂಡು ಅಷ್ಟು ದೂರಾನಾ ಟೀಚರಮ್ಮಾ? ನಮ್ ಕಾಲದಲ್ಲಿ ಇವೆಲ್ಲ ಎಲ್ಲಿತ್ತು?"

ಇತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಇನ್ನೂ ಹೆಚ್ಚೇ ಇತ್ತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿಕೊಂಡು ಬಂದವಳು ನಾನು. ವಾಸ್ಕೋ ಡ ಗಾಮ ಯಾವ ದಾರಿಯಲ್ಲಿ ಬಂದ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅದೇ ಮಕ್ಕಳ ಮುತ್ತಜ್ಜಿಯರು ಕಂಕುಳಲ್ಲಿ ಕೂಸು ಇಟ್ಟುಕೊಂಡು ಯಾವ ದಾರಿಯಲ್ಲಿ ಎಲ್ಲಿಗೆ ಹೋದರು ಎಂಬುದು ಪುಸ್ತಕದಲ್ಲಿ ಬರಲಿಲ್ಲ. ಮಕ್ಕಳೊಂದಿಗೆ ದೂರ ಹೋಗುವುದು ಈ ಬಯಲುಸೀಮೆಗೆ ಹಳೆಯ ಅಭ್ಯಾಸ. ಎಲ್ಲಿಗೆ ಹೋಗೋಣ ಎಂದು ಮಗುವನ್ನೇ ಕೇಳುವುದು ಮಾತ್ರ ಹೊಸದು. ಅದನ್ನು ಮೊದಲೆಲ್ಲ ತೀರ್ಮಾನ ಮಾಡುತ್ತಿದ್ದವರು ಬೇರೆ: ದೇವರು, ದೊರೆ, ಬರ, ಕುರಿ.

ದೊರೆಯಿಂದಲೇ ಶುರು ಮಾಡೋಣ. 1687ರಲ್ಲಿ ಶಿರಾ ಮೊಘಲರ ಸುಬಾವೊಂದರ ರಾಜಧಾನಿಯಾಯಿತು. ಸುಬೇದಾರ ದಿಲಾವರ್ ಖಾನನ ಆಡಳಿತದಲ್ಲಿ ಊರಿನಲ್ಲಿ 50,000 ಮನೆಗಳಿದ್ದವು ಎಂಬ ಹೇಳಿಕೆ ಗೆಜೆಟಿಯರಿನಲ್ಲಿದೆ. ಬಾಯಿಮಾತಿನ ಉಬ್ಬರ ಕಳೆದರೂ ದೊಡ್ಡ ಪಟ್ಟಣವೇ. 1761ರಲ್ಲಿ ಅದು ಹೈದರಾಲಿಯ ಕೈಗೆ ಬಂತು. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸಿದಾಗ, ಪೇಟೆಗೆ ಜನ ಬೇಕೆಂದು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಸಾಗಿಸಿದನೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಇವತ್ತಿನ ರಸ್ತೆಯಲ್ಲೇ ಅದು ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕುಟುಂಬ ಎಂದು ಬರೆದ ಕಡೆಯೆಲ್ಲ ಮಕ್ಕಳು ಇದ್ದಾರೆ ಎಂದು ಓದಿಕೊಳ್ಳಬೇಕು. ತರಗತಿಯಲ್ಲಿ ನಾನು ಹಾಗೇ ಓದಿಸುತ್ತಿದ್ದೆ. ಗಂಜಾಂ ತುಂಬಿತು, ಶಿರಾ ಬರಿದಾಯಿತು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗ ಕಂಡದ್ದು ಕುಗ್ಗಿಹೋದ ಊರನ್ನು.

ನಮ್ಮ ಮಧುಗಿರಿ ಬೆಟ್ಟವೂ ಇಂಥ ಒಂದು ಪ್ರಯಾಣದ ತುದಿ. 1763ರಲ್ಲಿ ಬಿದನೂರು ಹೈದರನ ವಶವಾಯಿತು. ಕೆಳದಿಯ ರಾಣಿ ವೀರಮ್ಮಾಜಿ ತನ್ನ ದತ್ತು ಮಗನೊಂದಿಗೆ ಸಿಕ್ಕಿಬಿದ್ದಳು. ಇಬ್ಬರನ್ನೂ ತಂದು ಇಟ್ಟದ್ದು ಈ ಬೆಟ್ಟದ ಕೋಟೆಯಲ್ಲಿ. ವರ್ಷದಲ್ಲಿ ಅರ್ಧ ಮಳೆಯೇ ಇರುವ ಮಲೆನಾಡಿನಿಂದ ನೆರಳಿಲ್ಲದ ಒಂಟಿಗಲ್ಲಿನ ಮೇಲಕ್ಕೆ. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಮಧುಗಿರಿ ಗೆದ್ದಾಗ ಬಿಡುಗಡೆಯಾಯಿತು. ಪುಣೆಗೆ ಕರೆದೊಯ್ಯುವ ದಾರಿಯಲ್ಲೇ ರಾಣಿ ತೀರಿಕೊಂಡಳು. ಈಗ ವಾರದ ಕೊನೆಗೆ ಬೆಂಗಳೂರಿನಿಂದ ಚಾರಣಕ್ಕೆ ಬರುವವರು ಕಂಬಿ ಹಿಡಿದು ಹತ್ತಿ, ಗಾಳಿಗೆ ಕೂದಲು ಹಾರುವ ಹಾಗೆ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ತಪ್ಪೇನಿಲ್ಲ. ಆದರೆ ಜೊತೆಗೆ ಮಗು ಇದ್ದರೆ ಮೇಲೆ ಕೂತು ಆ ತಾಯಿ–ಮಗನ ಕಥೆ ಹೇಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ.

ಬರದ ಮಾತು ಬೇಗ ಮುಗಿಸುತ್ತೇನೆ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಖ್ಯೆ 1881ಕ್ಕೆ ನಲವತ್ತೆರಡು ಲಕ್ಷದ ಹತ್ತಿರ ಇಳಿದಿತ್ತು. ಊರು ಬಿಟ್ಟು ಹೊರಟವರು ಮಕ್ಕಳೊಂದಿಗೇ ಹೊರಟರು. ಎಲ್ಲರೂ ಮುಟ್ಟಲಿಲ್ಲ.

ದೇವರ ಕರೆಯ ಪ್ರಯಾಣವೇ ಬೇರೆ. ಅದಕ್ಕೆ ಸಡಗರ ಇತ್ತು, ಯೋಜನೆ ಇತ್ತು. ನಮ್ಮ ಕಡೆ ಎಷ್ಟೋ ಒಕ್ಕಲುಗಳಿಗೆ ತಿರುಪತಿ ತಿಮ್ಮಪ್ಪ ಮನೆದೇವರು. ಮಗುವಿನ ಮೊದಲ ಮುಡಿ ಅಲ್ಲೇ ಕೊಡಬೇಕು. ಕೂಸು ಹುಟ್ಟಿದ ಕೂಡಲೇ ಅರಿಶಿನದ ಬಟ್ಟೆಯಲ್ಲಿ ಕಾಸು ಸುತ್ತಿ ಮುಡಿಪು ಕಟ್ಟುವುದು, ಅದನ್ನು ದೇವರ ಮೂಲೆಯಲ್ಲಿ ತೂಗುಹಾಕುವುದು. ಬೆಸ ವರ್ಷದಲ್ಲೇ ಮುಡಿ ತೆಗೆಸಬೇಕು, ಒಂದರಲ್ಲಿ ಆಗದಿದ್ದರೆ ಮೂರರಲ್ಲಿ, ಮೂರರಲ್ಲಿ ಆಗದಿದ್ದರೆ ಐದರಲ್ಲಿ. ಹೀಗಾಗಿ ಪ್ರಯಾಣದ ವರ್ಷ ಗೊತ್ತುಮಾಡುತ್ತಿದ್ದುದು ಮಗುವಿನ ವಯಸ್ಸು. ತಿಂಗಳು ಗೊತ್ತುಮಾಡುತ್ತಿದ್ದುದು ರಾಗಿ. ಸಂಕ್ರಾಂತಿ ಕಳೆದು, ಕಣ ಮುಗಿದು, ಕಾಳು ಹಗೇವಿಗೆ ಬಿದ್ದ ಮೇಲೆ, ಯುಗಾದಿಯ ಒಳಗೆ. ಆ ಸಂದಿಯಲ್ಲಿ ಬಿಸಿಲೂ ಅಷ್ಟಿಲ್ಲ, ಮಳೆಯೂ ಇಲ್ಲ, ಎತ್ತುಗಳಿಗೆ ಕೆಲಸವೂ ಇಲ್ಲ.

ನಮ್ಮಜ್ಜಿ ಹೇಳುತ್ತಿದ್ದ ಲೆಕ್ಕ ನನಗೆ ಬಾಯಿಗೇ ಬರುತ್ತದೆ. ಹೊರಡುವ ಹಿಂದಿನ ವಾರ ರಾಗಿ ಹುರಿದು ಬೀಸಿ ಹುರಿಹಿಟ್ಟು ಮಾಡುವುದು. ಅದಕ್ಕೆ ಬೆಲ್ಲ, ನೀರು ಬೆರೆಸಿದರೆ ಸಾಕು, ಒಲೆ ಬೇಡ, ಹಲ್ಲು ಬೇಡ, ಮೂರು ತಿಂಗಳು ಕೆಡದು. ದೊಡ್ಡವರಿಗೆ ಒಣ ರೊಟ್ಟಿ, ಹುಣಸೆ ಗೊಜ್ಜು, ಹುರಿದ ಕಡಲೆಕಾಯಿ. ಕೂಸಿಗೆ ಬಜೆ, ಅಳಲೆಕಾಯಿ, ಜಾಯಿಕಾಯಿ, ಜೊತೆಗೆ ಅಂಗೈಯಗಲದ ತೇಯುವ ಕಲ್ಲು. ಆ ಕಲ್ಲು ಮರೆತರೆ ಗಾಡಿ ವಾಪಸು ತಿರುಗಿಸುತ್ತಿದ್ದರಂತೆ. ಗಂಡಸರ ಎಲೆಅಡಿಕೆ ಚೀಲ ಮರೆತರೆ ತಿರುಗಿಸುತ್ತಿರಲಿಲ್ಲ. ಮಕ್ಕಳ ಕಾಲುಕಡಗ, ಬೆಳ್ಳಿ ಉಡಿದಾರ ಬಿಚ್ಚಿ ಮನೆಯಲ್ಲೇ ಬಚ್ಚಿಡುವುದು. ದಾರಿಯಲ್ಲಿ ಕಳ್ಳರ ಕಾಟ, ಆದ್ದರಿಂದ ಒಂದೇ ಗಾಡಿ ಹೊರಡುವ ಹಾಗಿಲ್ಲ. ನಾಲ್ಕಾರು ಮನೆಯವರು ಮಾತಾಡಿಕೊಂಡು ಬೆಳದಿಂಗಳ ಪಕ್ಷ ನೋಡಿ ಕಮಾನು ಗಾಡಿ ಕಟ್ಟಿ ರಾತ್ರಿ ಹೊಡೆಯುವುದು, ಹಗಲು ಬಾವಿ ಇರುವ ತೋಪಿನಲ್ಲಿ ಬಿಡಾರ. ಪಾವಗಡದ ಕಡೆಯವರು ಪೆನುಕೊಂಡದಲ್ಲಿ, ಮಧುಗಿರಿ ಕಡೆಯವರು ಹಿಂದೂಪುರದಲ್ಲಿ ರೈಲು ಹತ್ತಬೇಕು. ಧರ್ಮಾವರದಲ್ಲಿ ಇಳಿದು ಬೇರೆ ಗಾಡಿ, ಅದು ಕದಿರಿ ಮೇಲೆ ಪಾಕಾಲಕ್ಕೆ, ಅಲ್ಲಿಂದ ತಿರುಪತಿ. ಎಲ್ಲವೂ ಮೀಟರ್ ಗೇಜು. ಅದಕ್ಕೂ ಹಿಂದಿನವರು ಗಾಡಿಯಲ್ಲೇ ತಿರುಪತಿ ಮುಟ್ಟಿದವರು, ನಡೆದೇ ಹೋದವರು.

ರೈಲು ಬಂದ ಮೇಲೆ ಮಗುವಿನ ವಯಸ್ಸಿಗೆ ಇನ್ನೊಬ್ಬ ಲೆಕ್ಕಿಗ ಹುಟ್ಟಿಕೊಂಡ. ದೇವರಿಗೆ ಬೆಸ ವರ್ಷ ಬೇಕು, ರೈಲ್ವೆಗೆ ಅರ್ಧ ಟಿಕೆಟ್ಟಿನ ವರ್ಷ ಬೇಕು. ಇಷ್ಟು ವಯಸ್ಸಿನೊಳಗೆ ಪುಕ್ಕಟೆ, ಹನ್ನೆರಡರೊಳಗೆ ಅರ್ಧ. ಹುಟ್ಟಿದ ತಾರೀಖು ಬರೆದಿಟ್ಟವರಿಲ್ಲ; ಟಿಕೆಟ್ ಕಲೆಕ್ಟರು ಕಣ್ಣಳತೆಯಲ್ಲಿ ವಯಸ್ಸು ಕಟ್ಟುತ್ತಿದ್ದ. ಹೋಗುವಾಗ ಅರ್ಧ ಟಿಕೆಟ್ಟು ಕೊಟ್ಟ ಮಗು, ಬೋಳು ತಲೆಯಲ್ಲಿ ಇನ್ನೂ ಎಳೆಯದಾಗಿ ಕಂಡು, ಬರುವಾಗ ಪುಕ್ಕಟೆ ಬಂದದ್ದುಂಟು ಎಂದು ಅಜ್ಜಿ ನಗುತ್ತಿದ್ದಳು. ತಿಮ್ಮಪ್ಪನಿಗೆ ಕೊಟ್ಟ ಕೂದಲಿಗೆ ರೈಲ್ವೆಯವರು ಬಡ್ಡಿ ಕೊಟ್ಟರು ಎಂಬುದು ಅವಳ ವಾದ.

ಬೆಟ್ಟದ ಬುಡ ಮುಟ್ಟಿದ ಮೇಲೆ ನಿಜವಾದ ಸಾಹಸ. ಘಾಟಿ ರಸ್ತೆ ತೆರೆದದ್ದು 1944ರಲ್ಲಿ. ಅಲ್ಲಿಯವರೆಗೆ ಅಲಿಪಿರಿಯಿಂದ ಮೂರೂವರೆ ಸಾವಿರ ಮೆಟ್ಟಿಲು. ಉಳ್ಳವರಿಗೆ ಡೋಲಿ, ಉಳಿದವರಿಗೆ ಕಾಲು. ಕೂಸು ಅಪ್ಪನ ಹೆಗಲ ಮೇಲೆ, ಅದರ ಅಕ್ಕ ಚಿಕ್ಕಪ್ಪನ ಹೆಗಲ ಮೇಲೆ. ನಡೆಯಲಾರದ, ಹೆಗಲಿಗೂ ಭಾರವಾದ ಏಳೆಂಟು ವರ್ಷದ ಮಕ್ಕಳದೇ ತಾಪತ್ರಯ. ಅವಕ್ಕೆ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ಕೊಟ್ಟು ದಣಿವು ಮರೆಸುತ್ತಿದ್ದರು. ಮೇಲೆ ಹೋದರೆ ಇನ್ನೊಂದು ಭಯ. ಕ್ಷೌರವಾಗಿ ತಲೆಗೆ ಗಂಧ ಬಳಿದ ಮೇಲೆ ಎಲ್ಲ ಮಕ್ಕಳೂ ಒಂದೇ; ಆ ಜನಜಂಗುಳಿಯಲ್ಲಿ ನಮ್ಮದು ಯಾವುದು? ಅದಕ್ಕೇ ಹೊರಡುವ ಮುಂಚೆ ಒಂದೇ ಥಾನಿನ ಬಟ್ಟೆ ತಂದು ಮನೆಯ ಅಷ್ಟೂ ಮಕ್ಕಳಿಗೆ ಅಂಗಿ, ಲಂಗ ಹೊಲಿಸುವುದು. ಅಮ್ಮನ ಪೆಟ್ಟಿಗೆಯಲ್ಲಿ ಅಂಥ ಒಂದು ಅಂಗಿ ಇತ್ತು, ಹಸಿರು ಗೀರಿನ ದಪ್ಪ ಬಟ್ಟೆ, ಬೆಳೆಯುವ ಮಗುವಿಗೆಂದು ಅಂಚಿನಲ್ಲಿ ಮೂರು ಬೆರಳು ಮಡಿಕೆ ಬಿಟ್ಟು ಹೊಲಿದದ್ದು. ಸೊಸೆ ಮೊನ್ನೆ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು ತರಿಸುತ್ತೇನೆ, ವಿಮಾನ ನಿಲ್ದಾಣದಲ್ಲಿ ಮಕ್ಕಳು ತಪ್ಪಿಸಿಕೊಳ್ಳಬಾರದು ಎಂದಾಗ, ಬಣ್ಣ ಯಾವುದು ಎಂದಷ್ಟೇ ಕೇಳಿದೆ.

ಈ ಯಾತ್ರೆಗಳ ನಡುವೆಯೇ 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು, ಬಂದದ್ದು ರೈಲಿನಲ್ಲಿ. ಆಗ ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಸಂದು ಮುಟ್ಟಿ ನೋಡುವ ತಪಾಸಣೆ ಶುರುವಾಯಿತು. ಮದ್ರಾಸ್ ಪ್ರಾಂತದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿ ಬಂತು. ಸೋಂಕಿನ ಊರಿನಿಂದ ಬಂದವನು ಅದನ್ನು ಹಿಡಿದು, ತಾನು ಹೋಗಿ ಸೇರಿದ ಊರಿನ ಅಧಿಕಾರಿಗೆ ಕೆಲವು ದಿನ ಮುಖ ತೋರಿಸಬೇಕು. ಹಿಂದೂಪುರ, ಪೆನುಕೊಂಡ ಎರಡೂ ಆ ಪ್ರಾಂತದವು. ನಮ್ಮ ಕಡೆಯ ಬೇಸಾಯಗಾರನಿಗೆ ಪಾಸ್‌ಪೋರ್ಟ್ ಎಂಬ ಮಾತು ಮೊದಲು ಸೋಕಿದ್ದು ಲಂಡನ್ನಿಗೆ ಹೋಗುವಾಗ ಅಲ್ಲ, ಮಗನ ಮುಡಿ ತೆಗೆಸಲು ಹೋಗುವ ದಾರಿಯಲ್ಲಿ ಎಂದೇ ನನ್ನ ಎಣಿಕೆ.

ಕಾಶಿ ಮತ್ತು ಮೆಕ್ಕಾ ಇನ್ನೂ ದೂರದವು. ಆದರೆ ಅವು ಮಕ್ಕಳನ್ನು ಬಿಟ್ಟು ಹೋಗುವ ಪ್ರಯಾಣಗಳು. ಹೆಣ್ಣುಮಕ್ಕಳ ಮದುವೆ ಮುಗಿಸಿ, ಸಾಲ ತೀರಿಸಿ, ಹಿಂದಿರುಗದಿದ್ದರೂ ಸರಿ ಎಂದು ಹೊರಡುವ ಯಾತ್ರೆ. ಶಿರಾದಲ್ಲಿ ನನ್ನೊಂದಿಗೆ ಕೆಲಸ ಮಾಡಿದ ಉರ್ದು ಟೀಚರು ತಮ್ಮ ತಾತ ಹಜ್‌ಗೆ ಹೋದ ಕಥೆ ಹೇಳುತ್ತಿದ್ದರು. ಬಸ್ಸಿನಲ್ಲಿ ತುಮಕೂರು, ರೈಲಿನಲ್ಲಿ ಬೊಂಬಾಯಿ, ಅಲ್ಲಿ ಮುಸಾಫಿರ್‌ಖಾನೆಯಲ್ಲಿ ಕಾದು, ಮೊಘಲ್ ಲೈನಿನ ಹಡಗಿನಲ್ಲಿ ಜೆದ್ದಾ. 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗಾಗಿಯೇ ಹತ್ತು ಮತ್ತು ನೂರು ರೂಪಾಯಿಯ ಬೇರೆ ನೋಟು ಅಚ್ಚುಹಾಕಿತು, ಸಂಖ್ಯೆಗೆ ಮೊದಲು ಎಚ್‌ಎ ಅಕ್ಷರಗಳಿದ್ದವು. ಬೊಂಬಾಯಿಯ ಹಜ್ ಹಡಗುಗಳು 1995ರಲ್ಲಿ ನಿಂತವು. ಈ ನಾಲ್ಕು ತಾಲ್ಲೂಕುಗಳಲ್ಲಿ ಸಮುದ್ರ ದಾಟಿದವರ ಮೊದಲ ಸಾಲಿನಲ್ಲಿ ಶಿರಾದ ಹಾಜಿಗಳನ್ನೇ ನಿಲ್ಲಿಸಬೇಕು. ಮೊಮ್ಮಕ್ಕಳಿಗೆ ತಂದದ್ದು ಖರ್ಜೂರ, ಜಂಜಂ ನೀರು. ನೋಡಿದ್ದನ್ನು ಹೇಳಿದ್ದು ಬಹಳ ಕಡಿಮೆಯಂತೆ.

ಕುರಿಯ ದಾರಿಗೆ ಬಂದರೆ ಇತಿಹಾಸ ಎನ್ನುವುದೇ ತಪ್ಪು, ಅದು ಇನ್ನೂ ನಡೆಯುತ್ತಿದೆ. ಶಿರಾ, ಪಾವಗಡದ ಕುರುಬರು ಮೇವು ಬತ್ತಿದ ಮೇಲೆ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗಳ ಕಡೆ ತಿಂಗಳುಗಟ್ಟಲೆ ಹೋಗುತ್ತಾರೆ. ಗದ್ದೆ ಕುಯ್ದ ಹೊಲದಲ್ಲಿ ರಾತ್ರಿ ಮಂದೆ ಹಾಕಿದರೆ ಗೊಬ್ಬರಕ್ಕೆ ಹೊಲದವನು ಕಾಳೋ ಕಾಸೋ ಕೊಡುತ್ತಾನೆ. ಹೆದ್ದಾರಿಯ ಪಕ್ಕ ನೀವೂ ನೋಡಿರುತ್ತೀರಿ. ಕತ್ತೆಯ ಮೇಲೆ ಎರಡು ಕಡೆ ಇಳಿಬಿಟ್ಟ ಗೋಣಿ. ಒಂದರಲ್ಲಿ ಪಾತ್ರೆ, ಇನ್ನೊಂದರ ಬಾಯಿಂದ ಹಿಂದಿನ ದಿನ ಹುಟ್ಟಿದ ಮರಿಗಳ ತಲೆ. ನಡುವೆ ಕಂಬಳಿಯ ಗಂಟಿಗೆ ಒರಗಿ ಕೂತ ಎರಡು ವರ್ಷದ ಮಗು. ಲಾರಿ ಹಾರ್ನಿಗೆ ಕತ್ತೆ ಬೆದರಬಹುದು, ಮಗು ಬೆದರುವುದಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಈ ಮನೆಗಳ ಮಕ್ಕಳ ಸಾಲು ಯುಗಾದಿ ಹತ್ತಿರ ಬಂದಂತೆ ಗೈರುಹಾಜರಿಯ ಕೆಂಪು ಶಾಯಿಯಲ್ಲಿ ತುಂಬುತ್ತಿತ್ತು. ಭೂಗೋಳದ ಪರೀಕ್ಷೆಯಲ್ಲಿ ಮಾತ್ರ ಅವರು ಗಟ್ಟಿಗರು. ಹೇ‌ಮಾವತಿ ಎಲ್ಲಿದೆ ಎಂದು ನಕ್ಷೆ ತೋರಿಸಿ ಕೇಳಿದರೆ ಒಬ್ಬ ಹುಡುಗ, ಯಾವ ಕಾಲುವೆ ಹತ್ತಿರದ್ದು ಟೀಚರ್ ಎಂದಿದ್ದ. ಕೀನ್ಯಾದ ಮಾಸಾಯಿ ಜನವೂ ಹೀಗೆ ದನ ಕುರಿ ಹೊಡೆದುಕೊಂಡು ಬದುಕಿದವರು ಎಂದು ಓದಿದ ಮೇಲೆ ನನಗೆ ಸಿಂಹಕ್ಕಿಂತ ಅವರ ಹಟ್ಟಿ ನೋಡುವ ಆಸೆ.

ಹರಕೆ ಇಲ್ಲದೆ, ಹಸಿವು ಇಲ್ಲದೆ, ಬರೀ ನೋಡಿ ಬರಲು ಮಕ್ಕಳು ಹೊರಟದ್ದು ಶಾಲೆಯ ಪ್ರವಾಸದಲ್ಲಿ. ಇದಕ್ಕೆ ದಾರಿ ಮಾಡಿದ್ದು ಸರ್ಕಾರಿ ಕೆಂಪು ಬಸ್ಸು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಶುರುವಾಯಿತು, 1961ರಲ್ಲಿ ನಿಗಮವಾಯಿತು. ಡಿಸೆಂಬರ್ ಬಂತೆಂದರೆ ಬೇಲೂರು, ಹಳೇಬೀಡು, ಧರ್ಮಸ್ಥಳ, ಮಂಗಳೂರು. ದುಡ್ಡು ಕಂತಿನಲ್ಲಿ ವಸೂಲಿ. ಕೊಡಲಾರದವರದನ್ನು ಮೇಷ್ಟ್ರುಗಳು ಹಂಚಿಕೊಳ್ಳುತ್ತಿದ್ದರು. ಬಸ್ಸಿನ ಮೇಲೆ ಅಕ್ಕಿ ಮೂಟೆ, ಕೊಳಗ, ಸೌದೆ, ಜೊತೆಗೊಬ್ಬ ಅಡುಗೆಯವನು. ಮಲಗುವುದು ಯಾವುದೋ ಊರಿನ ಶಾಲೆಯ ಜಗುಲಿಯಲ್ಲಿ. ಚಾರ್ಮಾಡಿ ಇಳಿಯುವಾಗ ವಾಂತಿಗೆಂದು ಪ್ರತಿ ಸೀಟಿಗೊಂದು ನಿಂಬೆಹಣ್ಣು. ಅರ್ಧ ಘಾಟಿಗೇ ಹುಡುಗರು ಅದನ್ನು ಉಪ್ಪು ಹಚ್ಚಿ ತಿಂದುಬಿಟ್ಟಿರುತ್ತಿದ್ದರು. ಕಡಲು ಕಂಡ ಪಾವಗಡದ ಮಕ್ಕಳು ಮೊದಲು ಮಾಡುತ್ತಿದ್ದ ಕೆಲಸ ನೀರು ಬಾಯಿಗೆ ಹಾಕಿಕೊಂಡು ನೋಡುವುದು. ಬಾವಿ ನೀರಿನ ಫ್ಲೋರೈಡಿಗೆ ಹಲ್ಲು ಕಂದಿದ ಮಕ್ಕಳು ಅವು. ಅಷ್ಟೊಂದು ನೀರು ಇದ್ದೂ ಕುಡಿಯಲು ಆಗದು ಎಂಬುದು ಅವಕ್ಕೆ ವಿಚಿತ್ರವೇನೂ ಆಗಿರಲಿಲ್ಲ.

ನನ್ನ ಪ್ರಕಾರ ವಿದೇಶ ಪ್ರವಾಸದ ರುಚಿ ಹತ್ತಿದ್ದು ಅಲ್ಲೇ. ನನ್ನ ಮಗ ಮಾಲ್ಪೆಯ ದಂಡೆಯಲ್ಲಿ, ಇದರ ಆಚೆ ದಡದಲ್ಲಿ ಯಾವ ಊರು ಎಂದು ಕೇಳಿದ್ದ. ಆಫ್ರಿಕಾ ಎಂದಿದ್ದೆ. ಪಾಠ ಹೇಳುವವರು ಉತ್ತರ ಕೊಡುವಾಗ ಸ್ವಲ್ಪ ಯೋಚಿಸಬೇಕು, ಖರ್ಚು ಮುಂದೆ ಬರುತ್ತದೆ.

ಶಾಲೆ ಮಾಡಿದ ಇನ್ನೊಂದು ಕೆಲಸ ಮಕ್ಕಳಿಗೆ ಹುಟ್ಟಿದ ದಿನ ಕೊಟ್ಟದ್ದು. ದಾಖಲಾತಿಗೆ ಬಂದ ತಾಯಿಯನ್ನು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಷ, ಅವರೆಕಾಯಿ ಕಾಲದಲ್ಲಿ" ಎನ್ನುತ್ತಿದ್ದಳು. ಹೆಡ್‌ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿ ಮುಟ್ಟಿಸಿ ನೋಡಿ, ಮುಟ್ಟಿತೆಂದರೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ತಾಲ್ಲೂಕುಗಳಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿ ಬಂದರೂ ಹಳ್ಳಿಗೆ ಇಳಿಯಲು ತಡವಾಯಿತು. ಅಮೆರಿಕದಲ್ಲಿ ಮಗಳ ಬಾಣಂತನಕ್ಕೆಂದು ಅಮ್ಮಂದಿರು ವಿಮಾನ ಹತ್ತಲು ಶುರು ಮಾಡಿದಾಗ ಈ ಜೂನ್ ಒಂದು ಎಷ್ಟು ಜನರನ್ನು ಗೋಳಾಡಿಸಿತು! ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಜಾತಕದಲ್ಲಿ ಮತ್ತೊಂದು. ಆಗ ಪಾಸ್‌ಪೋರ್ಟಿನ ಕೆಲಸಕ್ಕೆಲ್ಲ ಬೆಂಗಳೂರಿಗೇ ಓಡಬೇಕಿತ್ತು. ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಏರ್ಪಾಡು 2017ರ ಜನವರಿಯಲ್ಲಿ ಮೈಸೂರಿನಿಂದ ಆರಂಭವಾಯಿತು; ಈಗ ತುಮಕೂರಿನಲ್ಲೇ ಕೆಲಸ ಆಗುತ್ತದೆ. ಚಿಕ್ಕವಳ ಬೆರಳಿಗೆ ತಂಪು ಹಿಡಿಯುವಷ್ಟು ಎ.ಸಿ. ಇರುವ ಕೋಣೆಯಲ್ಲಿ ಕೂರಿಸಿ ಫೋಟೊ ತೆಗೆಸಿಕೊಂಡು ಬಂದರು. ಅವಳ ಪಾಸ್‌ಪೋರ್ಟು ಐದೇ ವರ್ಷಕ್ಕೆ. ಮಕ್ಕಳ ಮುಖ ಬದಲಾಗುತ್ತದಲ್ಲ.

ವಿಮಾನದವರಿಗೂ ವಯಸ್ಸೇ ಲೆಕ್ಕ. ಎರಡು ತುಂಬದ ಕೂಸು ತಾಯಿಯ ತೊಡೆಯ ಮೇಲೆ ಕೂತರೆ ಸಾಮಾನ್ಯವಾಗಿ ಹತ್ತನೇ ಒಂದು ಪಾಲು ಹಣ. ಎರಡು ತುಂಬಿತೋ, ಬೇರೆ ಸೀಟು, ಹೆಚ್ಚುಕಡಿಮೆ ದೊಡ್ಡವರ ದರವೇ. ಅರ್ಧ ಟಿಕೆಟ್ಟಿನ ದಾಕ್ಷಿಣ್ಯ ಇಲ್ಲ. ಕಂಪ್ಯೂಟರಿಗೆ ಬೋಳು ತಲೆ ತೋರಿಸಿ ಪ್ರಯೋಜನವಿಲ್ಲ.

ದಸರಾ ಯಾಕೆಂದರೆ, ಆ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾದಲ್ಲಿ ಇರುವುದು ಜುಲೈಯಿಂದ ಅಕ್ಟೋಬರ್. ನಮ್ಮ ಬೇಸಿಗೆ ರಜೆ ಏಪ್ರಿಲ್–ಮೇ. ಹಿಂಡೂ ರಜೆಯೂ ಕೂಡುವುದು ದಸರೆಯ ಆ ಒಂದು ಸಂದಿಯಲ್ಲಿ ಮಾತ್ರ. ರಾಗಿ ಕಣಕ್ಕೂ ಯುಗಾದಿಗೂ ನಡುವೆ ಅಜ್ಜಿ ಹುಡುಕುತ್ತಿದ್ದುದೂ ಇಂಥದ್ದೇ ಸಂದಿ. ಮುಂಬೈಯಿಂದ ನೈರೋಬಿಗೆ ಆರು ಗಂಟೆ ಹಾರಾಟ. ಅದರ ಮೇಲೆ ಜೀಪಿನಲ್ಲಿ ಅರ್ಧ ದಿನ ಕುಲುಕಾಟ. ಆ ಕುಲುಕಾಟಕ್ಕೇ ನಾನು ಹೆದರುವುದು, ಸಿಂಹಕ್ಕಲ್ಲ. ಮಕ್ಕಳನ್ನು ತಯಾರು ಮಾಡುವ ಜವಾಬ್ದಾರಿ ನನ್ನದು. ಮೊದಲ ಪಾಠಕ್ಕೆ ಮೈದನಹಳ್ಳಿಗೆ ಕರೆದೊಯ್ದೆ. ನಮ್ಮ ತಾಲ್ಲೂಕಿನದೇ ಹುಲ್ಲುಗಾವಲು, 798 ಎಕರೆ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಎಂದು ಘೋಷಣೆಯಾದದ್ದು. ಶಿರಾದ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿಗೆ 2019ರಲ್ಲಿ ಅಭಯಾರಣ್ಯ ಆಯಿತು, ಅದು ಎರಡನೇ ಪಾಠ. ಮೈದನಹಳ್ಳಿಯಲ್ಲಿ ಕಾರಿನಿಂದ ಇಳಿಯದೆ, ಕಿರುಚದೆ, ತಿಂಡಿ ಪೊಟ್ಟಣ ಪರಪರ ಎನ್ನಿಸದೆ ಅರ್ಧ ಗಂಟೆ ಕೂರಬೇಕು ಎಂದು ಷರತ್ತು ಹಾಕಿದೆ. ದೊಡ್ಡವನು ಕೂತ. ಚಿಕ್ಕವಳು ಕೊಂಬು ತಿರುಚಿದ ಗಂಡೊಂದನ್ನು ಕಂಡು, "ಅಜ್ಜೀ, ಇಲ್ಲೇ ಇದಾವಲ್ಲ, ಮತ್ಯಾಕೆ ಅಲ್ಲಿಗೆ?" ಎಂದು ಗಟ್ಟಿಯಾಗಿ ಕೇಳಿ ಇಡೀ ಹಿಂಡನ್ನು ಓಡಿಸಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ನಿಮ್ಮಮ್ಮನನ್ನು ಕೇಳು ಎಂದೆ.

ಬುತ್ತಿಯ ಚರ್ಚೆ ಇನ್ನೂ ಮುಗಿದಿಲ್ಲ. ಹುರಿಹಿಟ್ಟು, ಪುಳಿಯೋಗರೆ ಗೊಜ್ಜು ಎರಡಕ್ಕೂ ಸೊಸೆ ಒಪ್ಪಿದ್ದಾಳೆ. ಗೊಜ್ಜು ಕೈಚೀಲದಲ್ಲಿ ಬೇಡ, ದ್ರವ ಎಂದು ತಡೆಯುತ್ತಾರೆ, ದೊಡ್ಡ ಪೆಟ್ಟಿಗೆಯಲ್ಲಿ ಹಾಕೋಣ ಅತ್ತೆ ಎನ್ನುತ್ತಾಳೆ. ಸರಿಯಾಗಿ ಕುದಿಸಿದ ಮಧುಗಿರಿ ಹುಣಸೆಯ ಗೊಜ್ಜು ಹೇಗೆ ದ್ರವ ಆಗುತ್ತದೆ ಎಂದು ನಾನು ಕೇಳಿದ್ದಕ್ಕೆ ಮಗ ನಡುವೆ ಬಂದು ರಾಜಿ ಮಾಡಿಸಿದ.

ಉಳಿದದ್ದು ಚುಚ್ಚುಮದ್ದು. ಕೀನ್ಯಾದಲ್ಲಿ ಹಳದಿ ಜ್ವರ ಇದೆ. ನಮ್ಮಲ್ಲಿ ಆ ರೋಗ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಬೇಕಾದಷ್ಟಿದೆ. ಆದ್ದರಿಂದ ಅಲ್ಲಿಂದ ಮರಳಿ ಬರುವವರ ಕೈಯಲ್ಲಿ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಬೇರೆ ಇಡುತ್ತಾರೆ. ಪ್ಲೇಗ್ ಪಾಸ್‌ಪೋರ್ಟಿನ ಮರಿಮಗಳು ಇದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ ಚೀಟಿಗೆ ಬೆಲೆ ಬರುತ್ತದೆ. 2016ರಿಂದ ಒಂದು ಸಲ ಹಾಕಿಸಿದರೆ ಬದುಕಿರುವವರೆಗೂ ನಡೆಯುತ್ತದೆ. ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಕೊಡಬಹುದು, ಹಾಗಾಗಿ ಚಿಕ್ಕವಳಿಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ನನಗೆ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮುನ್ನ ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಅಡ್ಡಪರಿಣಾಮದ ಅಪಾಯ ಆ ವಯಸ್ಸಿನಲ್ಲಿ ಜಾಸ್ತಿ. ಬರುವ ಸೋಮವಾರ ಬೆಂಗಳೂರಿನಲ್ಲಿ ಡಾಕ್ಟರನ್ನು ನೋಡಬೇಕು. ದಾಖಲೆಯ ಪ್ರಕಾರ ನನಗೆ ಅರವತ್ತಾರು, ಹುಟ್ಟಿದ್ದು ಜೂನ್ 1. ಅಮ್ಮನ ಲೆಕ್ಕದಲ್ಲಿ ಅರವತ್ತನಾಲ್ಕೂವರೆ, ಅವರೆಕಾಯಿ ಕಾಲದಲ್ಲಿ. ಯಾವುದನ್ನು ಹೇಳಲಿ ಎಂದು ಮಗನನ್ನು ಕೇಳಿದರೆ, ಎರಡೂ ಅರವತ್ತರ ಮೇಲೇ ಇದೆಯಲ್ಲಮ್ಮ ಎನ್ನುತ್ತಾನೆ.